ಸೂತ್ರ ಸರಿ, ಉತ್ತರ ಯಾಕೆ ತಪ್ಪು?

ಕೊಡಗಿನ ಕಾಲೇಜುಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಸೂತ್ರ ತಪ್ಪಾಗಿ ಬರೆದವರು ಒಬ್ಬರೂ ಇಲ್ಲ. ಆದರೂ ಎಲ್ಲರ ಅಂಕವೂ ಹೋಗಿದೆ. ಏನನ್ನು ಅಳೆದೆವು, ಯಾವುದನ್ನು ಯಾವುದರಿಂದ ಭಾಗಿಸಿದೆವು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟು ಹೋಲಿಸಿದೆವು ಎಂಬಲ್ಲೇ ಎಡವಿದ್ದಾರೆ. ಆಯಾ ವಿಷಯ ಪಾಠ ಮಾಡುವವರು ಉತ್ತರಿಸಿದ್ದಾರೆ.

ಪ್ರಶ್ನೆ: ಸರಳ ಲೋಲಕದ ಪ್ರಯೋಗದಲ್ಲಿ ದಾರದ ಉದ್ದ 80 ಸೆಂ.ಮೀ. ಇಟ್ಟೆ. 20 ಆಂದೋಲನಕ್ಕೆ 36.43 ಸೆಕೆಂಡ್ ಹಿಡಿಯಿತು. ಗುರುತ್ವ ವೇಗೋತ್ಕರ್ಷ 9.52 ಬಂತು. ಮಡಿಕೇರಿ ಎತ್ತರದಲ್ಲಿದೆ, ಅದಕ್ಕೇ ಕಡಿಮೆ ಎಂದು ರೆಕಾರ್ಡ್‌ನಲ್ಲಿ ಬರೆದೆ. ಇನ್ನೊಂದು ಪ್ರಯೋಗದಲ್ಲಿ ನೀರು 96 ಡಿಗ್ರಿಗೇ ಕುದಿಯಿತು, ಥರ್ಮಾಮೀಟರ್ ಕೆಟ್ಟಿದೆ ಎಂದು ಬರೆದೆ. ಎರಡಕ್ಕೂ ಕೆಂಪು ಗೆರೆ ಬಿತ್ತು. ಯಾಕೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಮಡಿಕೇರಿ)

ಉತ್ತರ: ಎರಡು ಕಾರಣಗಳನ್ನು ಅದಲುಬದಲು ಮಾಡಿದ್ದೀರಿ. ಎತ್ತರದ ನೆಪ ನೀರಿಗೆ ಹೇಳಬೇಕಿತ್ತು, ಲೋಲಕಕ್ಕಲ್ಲ.

ಒಂದು ಕಿಲೋಮೀಟರ್ ಮೇಲೇರಿದರೆ ಗುರುತ್ವ ವೇಗೋತ್ಕರ್ಷ ಇಳಿಯುವುದು ಬರೀ 0.003ರಷ್ಟು. ಮಡಿಕೇರಿಯ ಎತ್ತರ, ಅಕ್ಷಾಂಶ ಎರಡನ್ನೂ ಲೆಕ್ಕಕ್ಕೆ ತಂದರೂ ಬರಬೇಕಾದದ್ದು ಸುಮಾರು 9.78. ಅಷ್ಟು ಸಣ್ಣ ಇಳಿಕೆ ನಿಮ್ಮ ಸ್ಟಾಪ್‌ವಾಚ್‌ಗೆ ಗೊತ್ತೇ ಆಗುವುದಿಲ್ಲ. ನೀರಿನ ಕಥೆ ಬೇರೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ 101 ಕಿಲೋಪಾಸ್ಕಲ್‌ನಿಂದ ಸುಮಾರು 88ಕ್ಕೆ ಇಳಿದಿರುತ್ತದೆ, ಕುದಿಯುವ ಬಿಂದು ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಒಂದು ಡಿಗ್ರಿಯಂತೆ ಕೆಳಗೆ ಬರುತ್ತದೆ. 96 ಡಿಗ್ರಿ ಸರಿಯಾದ ಓದು. ಥರ್ಮಾಮೀಟರನ್ನು ದಯವಿಟ್ಟು ಬಿಸಾಡಬೇಡಿ.

ಹಾಗಾದರೆ ಲೋಲಕದಲ್ಲಿ ಕಾಣೆಯಾದ 0.26 ಎಲ್ಲಿ ಹೋಯಿತು? ನೀವೇ ಬರೆದಿದ್ದೀರಿ: 'ದಾರದ ಉದ್ದ 80'. ಲೋಲಕದ ಉದ್ದ ಎಂದರೆ ಕಟ್ಟಿದ ಬಿಂದುವಿನಿಂದ ಗುಂಡಿನ ನಡುವಿನವರೆಗೆ. ಪ್ರಯೋಗಾಲಯದ ಗುಂಡಿನ ವ್ಯಾಸ 2 ಸೆಂ.ಮೀ. ಇದ್ದರೆ ನಿಮ್ಮ ನಿಜವಾದ ಉದ್ದ 81. ಇದೊಂದರಿಂದಲೇ ಉತ್ತರ ಶೇ. 1.2ರಷ್ಟು ಕುಸಿದು 9.66 ಆಗುತ್ತದೆ. ಇನ್ನು ಗುಂಡನ್ನು ಎಷ್ಟು ದೂರ ಎಳೆದು ಬಿಟ್ಟಿರಿ? ಒಂದು ಗೇಣಿಗಿಂತ ಜಾಸ್ತಿ, ಅಂದರೆ 27 ಸೆಂ.ಮೀ. ಆಸುಪಾಸು ಎಳೆದಿದ್ದರೆ ಕೋನ 20 ಡಿಗ್ರಿ. ಆ ಕೋನದಲ್ಲಿ ಅವಧಿ ಸೂತ್ರ ಹೇಳುವುದಕ್ಕಿಂತ ಶೇ. 0.76 ಜಾಸ್ತಿ, ಅವಧಿ ವರ್ಗದಲ್ಲಿ ಬರುವುದರಿಂದ ಉತ್ತರದಲ್ಲಿ ಶೇ. 1.5 ಕಡಿಮೆ. ಎರಡೂ ಸೇರಿದರೆ 9.51. ತೂಗುತ್ತಾ ತೂಗುತ್ತಾ ಕೋನ ಕಿರಿದಾಗುವುದರಿಂದ ಎರಡನೆಯದರ ಪ್ರಭಾವ ಸ್ವಲ್ಪ ತಗ್ಗುತ್ತದೆ. ಅದೇನೇ ಇದ್ದರೂ ನಿಮ್ಮ 9.52 ಹುಟ್ಟಿದ ಜಾಗ ಬೆಟ್ಟವಲ್ಲ, ಮೇಜು.

ಮುಂದಿನ ಸಲ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಗುಂಡಿನ ವ್ಯಾಸ ಅಳೆದು ಅರ್ಧವನ್ನು ದಾರಕ್ಕೆ ಕೂಡಿಸಿ. ಎಳೆಯುವುದು 7 ಸೆಂ.ಮೀ. ಮೀರದಿರಲಿ. ಗುಂಡು ತುದಿಯಲ್ಲಿ ನಿಂತಂತೆ ಕಾಣುವಾಗ ಗಡಿಯಾರ ಒತ್ತಬೇಡಿ. ನಡುವಿನ ಗುರುತನ್ನು ಸರ್ರನೆ ದಾಟುವಾಗ 'ಸೊನ್ನೆ' ಎಂದು ಒತ್ತಿ. 'ಒಂದು' ಎಂದು ಶುರು ಮಾಡಿದವರು 19 ಆಂದೋಲನವನ್ನು 20 ಎಂದು ಬರೆದು 10.8 ತಂದುಕೊಡುತ್ತಾರೆ. ಒಂದೇ ಉದ್ದದಲ್ಲಿ ನಿಲ್ಲಬೇಡಿ, 50ರಿಂದ 100 ಸೆಂ.ಮೀ. ನಡುವೆ ಆರು ಉದ್ದ ತೆಗೆದುಕೊಂಡು ಅವಧಿಯ ವರ್ಗವನ್ನು ಉದ್ದದ ಎದುರು ಗ್ರಾಫ್ ಮಾಡಿ. ಇದರಲ್ಲಿ ಒಂದು ಚಂದ ಇದೆ. ಗುಂಡಿನ ತ್ರಿಜ್ಯ ಮರೆತಿದ್ದರೆ ಗೆರೆ ಸೊನ್ನೆಯ ಮೂಲಕ ಹಾಯದೆ ಸ್ವಲ್ಪ ಮೇಲೆ ಕಡಿಯುತ್ತದೆ, ಆದರೆ ಗೆರೆಯ ಓಟ (ಇಳಿಜಾರು) ಬದಲಾಗುವುದಿಲ್ಲ. ಓಟದಿಂದ ಲೆಕ್ಕ ಹಾಕಿದ ಉತ್ತರ ಸರಿಯಾಗೇ ಇರುತ್ತದೆ, ಮರೆತ ತ್ರಿಜ್ಯ ಎಷ್ಟೆಂದೂ ಅದೇ ಗೆರೆ ಹೇಳಿಬಿಡುತ್ತದೆ.

ಪ್ರಶ್ನೆ: ಪ್ರಾಜೆಕ್ಟ್‌ಗೆ ಮನೆಯ ಕಾಚಂಪುಳಿಯ (ಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಪ್ಪು ಹುಳಿ) ಆಮ್ಲತೆ ಕಂಡುಹಿಡಿಯಬೇಕು. 2 ಗ್ರಾಂ ತೂಗಿ 100 ಮಿ.ಲೀ.ಗೆ ತಂದು, ಅದರಲ್ಲಿ 10 ಮಿ.ಲೀ. ತೆಗೆದುಕೊಂಡು 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿದೆ. ಅಂತ್ಯ ತೋರಿಸುವ ಸೂಚಕದ ಗುಲಾಬಿ ಬಣ್ಣ ಬಂದ ಹಾಗೇ ಮಾಯವಾಗುತ್ತದೆ. ಕೊನೆಗೆ 6.2 ಮಿ.ಲೀ. ಎಂದು ಬರೆದು ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಶೇ. 2 ಉತ್ತರ ತಂದೆ. ನಾಲಿಗೆಗೆ ತಾಗಿಸಿದರೆ ಹಲ್ಲು ಜುಮ್ಮೆನ್ನುವ ಹುಳಿಗೆ ಇಷ್ಟೇನಾ? (ರಸಾಯನಶಾಸ್ತ್ರ ವಿದ್ಯಾರ್ಥಿ, ನಾಪೋಕ್ಲು)

ಉತ್ತರ: ನಾಲಿಗೆ ಸರಿ, ಲೆಕ್ಕ ತಪ್ಪು. 6.2ನ್ನು 0.1ರಿಂದ, ಮತ್ತೆ 64ರಿಂದ ಗುಣಿಸಿದರೆ 39.7 ಮಿಲಿಗ್ರಾಂ ಆಮ್ಲ. ಇಲ್ಲಿಯವರೆಗೆ ಸರಿ. 64 ಎಂಬುದು ಸಿಟ್ರಿಕ್ ಆಮ್ಲದ ಅಣುತೂಕ 192ರ ಮೂರನೇ ಒಂದು ಪಾಲು. ಆದರೆ ಈ 39.7 ಇದ್ದದ್ದು ಫ್ಲಾಸ್ಕ್‌ನಲ್ಲಿದ್ದ 10 ಮಿ.ಲೀ.ಯಲ್ಲಿ. ಆ 10 ಮಿ.ಲೀ.ಯಲ್ಲಿ ಕಾಚಂಪುಳಿ ಎಷ್ಟಿತ್ತು? 2 ಗ್ರಾಂ ಅಲ್ಲ, ಅದರ ಹತ್ತನೇ ಒಂದು ಪಾಲು, 200 ಮಿಲಿಗ್ರಾಂ. ಹಾಗಾಗಿ ಉತ್ತರ ಶೇ. 19.8. ಹತ್ತು ಪಟ್ಟಿನ ತಪ್ಪು ಕಂಡಾಗ ಮೊದಲು ಅನುಮಾನಿಸಬೇಕಾದದ್ದು ದುರ್ಬಲಗೊಳಿಸಿದ ಹೆಜ್ಜೆಯನ್ನು.

ತೂಗಿದ್ದು ಒಳ್ಳೆಯದಾಯಿತು. ಕಾಚಂಪುಳಿ ಮಂದ, ಪಿಪೆಟ್‌ನ ಗೋಡೆಗೆ ಅಂಟಿಕೊಂಡು ಅಳತೆ ಕೆಡಿಸುತ್ತದೆ. ಅದರ ಕಪ್ಪು ಬಣ್ಣದಲ್ಲಿ ಗುಲಾಬಿ ಕಾಣದಿದ್ದರೆ ಫ್ಲಾಸ್ಕ್‌ಗೆ ಇನ್ನೊಂದು 50 ಮಿ.ಲೀ. ಕುದಿಸಿ ಆರಿಸಿದ ಭಟ್ಟಿ ನೀರು ಹಾಕಿ. 'ನೀರು ಹಾಕಿದರೆ ಉತ್ತರ ಬದಲಾಗುತ್ತದೆ' ಎಂಬ ಹೆದರಿಕೆ ಬೇಡ. ಫ್ಲಾಸ್ಕ್‌ನೊಳಗಿನ ಆಮ್ಲ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಾಗಾಗಿಯೇ ಫ್ಲಾಸ್ಕನ್ನು ಬರೀ ನೀರಿನಲ್ಲಿ ತೊಳೆಯಬಹುದು, ಬ್ಯೂರೆಟ್ಟನ್ನು ಮಾತ್ರ ತುಂಬಲಿರುವ ಕ್ಷಾರದಿಂದಲೇ ಒಮ್ಮೆ ಕಲಕಿ ಚೆಲ್ಲಬೇಕು. ಇನ್ನೂ ಕಾಣದಿದ್ದರೆ ಪಿಎಚ್ ಮೀಟರ್ ಇಟ್ಟು 8.2 ಬರುವಾಗ ನಿಲ್ಲಿಸಿ. ಮೀಥೈಲ್ ಆರೆಂಜ್ ಸೂಚಕದ ಕಡೆ ಹೋಗಬೇಡಿ. ಅದು ಪಿಎಚ್ 4.4ರೊಳಗೇ ಬಣ್ಣ ಬದಲಿಸಿ ಮುಗಿಸುತ್ತದೆ, ಅಷ್ಟರಲ್ಲಿ ಇಂಥ ಆಮ್ಲಗಳು ಅರ್ಧವೂ ತಟಸ್ಥವಾಗಿರುವುದಿಲ್ಲ.

ಗುಲಾಬಿ ಮಾಸುವುದಕ್ಕೆ ಎರಡು ಕಾರಣ. ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಮತ್ತೆ ಆಮ್ಲವಾಗುವುದು ಎಲ್ಲ ಟೈಟ್ರೇಶನ್‌ನಲ್ಲೂ ಇದ್ದದ್ದೇ. ಇನ್ನೊಂದು ಕಾಚಂಪುಳಿಯದೇ ಗುಣ. ಇದರ ಮುಖ್ಯ ಆಮ್ಲ ಸಿಟ್ರಿಕ್ ಅಲ್ಲ, ಹೈಡ್ರಾಕ್ಸಿಸಿಟ್ರಿಕ್. ರಸವನ್ನು ಕುದಿಸಿ ಬತ್ತಿಸುವಾಗ ಅದರಲ್ಲಿ ಒಂದು ಪಾಲು ತನ್ನೊಳಗೇ ಉಂಗುರ ಕಟ್ಟಿ ಲ್ಯಾಕ್ಟೋನ್ ಆಗುತ್ತದೆ. ಕ್ಷಾರ ಬಿದ್ದಾಗ ಆ ಉಂಗುರ ನಿಧಾನವಾಗಿ ಬಿಚ್ಚಿಕೊಂಡು ಇನ್ನಷ್ಟು ಕ್ಷಾರ ಕೇಳುತ್ತದೆ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಅಂತ್ಯ ಎಂದು ಮೊದಲೇ ನಿಶ್ಚಯಿಸಿ, ಎಲ್ಲ ಸಲವೂ ಅದನ್ನೇ ಪಾಲಿಸಿ. ವರದಿಯಲ್ಲಿ 'ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಒಟ್ಟು ಆಮ್ಲತೆ' ಎಂದು ಬರೆಯಿರಿ, 'ಸಿಟ್ರಿಕ್ ಆಮ್ಲ ಶೇ. 19.8' ಎಂದಲ್ಲ.

ಮಳೆಗಾಲದಲ್ಲಿ ಪ್ರಯೋಗ ಮಾಡಿದ್ದರೆ ಇನ್ನೊಂದು ಮಾತು. ಆಟಿ ತಿಂಗಳ ತೇವದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಬಿಲ್ಲೆಗಳು ತಕ್ಕಡಿಯ ಮೇಲೇ ಒದ್ದೆಯಾಗಿ ಹೊಳೆಯತೊಡಗುತ್ತವೆ. ನೀವು ತೂಗಿದ 4 ಗ್ರಾಂನಲ್ಲಿ ನೀರೆಷ್ಟು, ಕ್ಷಾರವೆಷ್ಟು ಎಂದು ಹೇಳಲಾಗದು. ಅಂದಾಜು ತೂಗಿ ದ್ರಾವಣ ಮಾಡಿಕೊಂಡು, 250 ಮಿ.ಲೀ.ಯಲ್ಲಿ 1.576 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಕರಗಿಸಿದ 0.1 ನಾರ್ಮಲ್ ದ್ರಾವಣದ ಎದುರು ಅದರ ನಿಜವಾದ ಬಲ ಕಂಡುಹಿಡಿಯಿರಿ. ಬಾಟಲಿಯ ಚೀಟಿಯಲ್ಲಿರುವ 0.1ನ್ನು ನಂಬಬೇಡಿ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ಆರು ಕಾಫಿ ಪಟ್ಟೆಗಳಲ್ಲಿ ಪ್ರತಿಯೊಂದರ ಅರ್ಧಕ್ಕೆ ಸುಣ್ಣ ಹಾಕಿ, ಅರ್ಧ ಹಾಗೇ ಬಿಟ್ಟೆವು. ಗಿಡವೊಂದಕ್ಕೆ ಒಣ ಚೆರ್ರಿ, ಕೆ.ಜಿ.ಯಲ್ಲಿ: ಸುಣ್ಣವಿಲ್ಲದೆ 1.8, 2.4, 1.5, 3.0, 2.1, 2.7. ಸುಣ್ಣ ಹಾಕಿದ್ದರಲ್ಲಿ, ಅದೇ ಕ್ರಮದಲ್ಲಿ, 2.1, 2.6, 1.9, 3.2, 2.5, 2.9. ಆರಕ್ಕೆ ಆರೂ ಪಟ್ಟೆಯಲ್ಲಿ ಹೆಚ್ಚಾಗಿದೆ. ಆದರೂ ಟಿ ಪರೀಕ್ಷೆ (ಸರಾಸರಿಗಳ ಅಂತರ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಲೆಕ್ಕ) 'ವ್ಯತ್ಯಾಸವಿಲ್ಲ' ಎನ್ನುತ್ತದೆ. (ಸಂಖ್ಯಾಶಾಸ್ತ್ರ ವಿದ್ಯಾರ್ಥಿನಿ, ಕುಶಾಲನಗರ)

ಉತ್ತರ: ನೀವು ಎರಡು ಬೇರೆ ಬೇರೆ ಗುಂಪುಗಳಿಗೆ ಮಾಡುವ ಪರೀಕ್ಷೆ ಮಾಡಿದ್ದೀರಿ. ಸರಾಸರಿ 2.25 ಮತ್ತು 2.53, ಅಂತರ 0.283. ಮಾನಕ ದೋಷ 0.303. ಟಿ ಬೆಲೆ 0.94. ಹತ್ತು ಡಿಗ್ರಿ ಆಫ್ ಫ್ರೀಡಮ್‌ಗೆ (ಹನ್ನೆರಡು ಅಂಕಿಯಲ್ಲಿ ಎರಡು ಕಳೆದು) ಕೋಷ್ಟಕ ಕೇಳುವುದು 2.228, ಎಲ್ಲಿಂದ ಬರಬೇಕು? ಒಂದು ಪಟ್ಟೆ 1.5 ಕೊಡುತ್ತದೆ, ಇನ್ನೊಂದು 3.0 ಕೊಡುತ್ತದೆ. ನೆರಳು, ಇಳಿಜಾರು, ಗಿಡದ ವಯಸ್ಸು ಎಲ್ಲ ಬೇರೆ. ಪಟ್ಟೆ ಪಟ್ಟೆಯ ನಡುವಿನ ಈ ದೊಡ್ಡ ಏರುಪೇರಿನಲ್ಲಿ ಸುಣ್ಣದ ಕಾಲು ಕೆ.ಜಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಕರಗಿಹೋಯಿತು.

ಆದರೆ ನಿಮ್ಮ ಅಂಕಿಗಳು ಜೋಡಿ ಜೋಡಿ. ಒಂದೇ ಪಟ್ಟೆಯ ಎರಡು ಅರ್ಧಗಳು. ಆದ್ದರಿಂದ ಮೊದಲು ಪ್ರತಿ ಪಟ್ಟೆಯಲ್ಲೂ ಕಳೆಯಬೇಕು: 0.3, 0.2, 0.4, 0.2, 0.4, 0.2. ಪಟ್ಟೆಯ ಏರುಪೇರೆಲ್ಲ ಈ ಕಳೆಯುವುದರಲ್ಲೇ ಉದುರಿಹೋಯಿತು ನೋಡಿ. ಸರಾಸರಿ ಅದೇ 0.283. ಮಾನಕ ವಿಚಲನೆ 0.098, ಅದನ್ನು 6ರ ವರ್ಗಮೂಲ 2.449ರಿಂದ ಭಾಗಿಸಿದರೆ ಮಾನಕ ದೋಷ 0.040. ಟಿ ಬೆಲೆ 7.06. ಐದು ಡಿಗ್ರಿಗೆ (ಆರು ಜೋಡಿಯಲ್ಲಿ ಒಂದು ಕಳೆದು) ಬೇಕಾದದ್ದು 2.571. ಅಂಕಿಗಳು ಅವೇ, ತೀರ್ಪು ತಿರುಗಿತು.

ಕ್ಯಾಲ್ಕುಲೇಟರಿನಲ್ಲಿ ಮಾನಕ ವಿಚಲನೆಗೆ ಎರಡು ಗುಂಡಿ ಇರುತ್ತವೆ. ಒಂದು ಎಣಿಕೆಯಿಂದ ಭಾಗಿಸುತ್ತದೆ, ಇನ್ನೊಂದು ಎಣಿಕೆಯಲ್ಲಿ ಒಂದು ಕಳೆದು ಭಾಗಿಸುತ್ತದೆ. ಇಲ್ಲಿ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ಒತ್ತಿದರೆ ಟಿ 7.73 ಆಗುತ್ತದೆ. ಈ ಲೆಕ್ಕದಲ್ಲಿ ತೀರ್ಪು ಕೆಡುವುದಿಲ್ಲ, ಗಡಿಯ ಮೇಲಿನ ಲೆಕ್ಕದಲ್ಲಿ ಕೆಡುತ್ತದೆ.

ಇನ್ನೊಂದು ವಿಷಯ ಕೋಷ್ಟಕದಲ್ಲಿ ಸಿಗುವುದಿಲ್ಲ. ಯಾವ ಅರ್ಧಕ್ಕೆ ಸುಣ್ಣ ಎಂದು ಹೇಗೆ ಆರಿಸಿದಿರಿ? ಚೀಲ ಹೊರುವುದು ಸುಲಭವೆಂದು ರಸ್ತೆ ಬದಿಯ ಅರ್ಧಕ್ಕೇ ಎಲ್ಲೆಡೆ ಹಾಕಿದ್ದರೆ ನೀವು ಅಳೆದದ್ದು ಸುಣ್ಣವನ್ನೋ ರಸ್ತೆ ಬದಿಯ ಬಿಸಿಲನ್ನೋ ಯಾವ ಟಿ ಪರೀಕ್ಷೆಯೂ ಹೇಳದು. ಪ್ರತಿ ಪಟ್ಟೆಗೂ ನಾಣ್ಯ ಚಿಮ್ಮಿ ಆರಿಸಬೇಕಿತ್ತು. ಚಿಮ್ಮಿದ್ದರೆ ವರದಿಯಲ್ಲಿ ಬರೆಯಿರಿ, ಚಿಮ್ಮದಿದ್ದರೆ ಅದನ್ನೂ ಬರೆಯಿರಿ.

ಪ್ರಶ್ನೆ: 40 ಚೀಲ ರೊಬಸ್ಟಾ ಚೆರ್ರಿಯ ಔಟ್‌ಟರ್ನ್ 26, ಇನ್ನು 10 ಚೀಲದ್ದು 29. ಸರಾಸರಿ 27.5 ಎಂದು ಬರೆದದ್ದು ತಪ್ಪಾ? (ಬಿ.ಕಾಂ., ಗೋಣಿಕೊಪ್ಪಲು)

ಉತ್ತರ: ತಪ್ಪು, ದುಬಾರಿ ತಪ್ಪು. ಔಟ್‌ಟರ್ನ್ ಎಂದರೆ 50 ಕೆ.ಜಿ. ಚೀಲದಿಂದ ಸಿಗುವ ಶುದ್ಧ ಬೀಜದ ಕೆ.ಜಿ. ಒಟ್ಟು ಬೀಜ 1,040 ಮತ್ತು 290, ಸೇರಿ 1,330. ಅದನ್ನು 50 ಚೀಲದಿಂದ ಭಾಗಿಸಿದರೆ 26.6. ಔಟ್‌ಟರ್ನ್‌ನ ಒಂದು ಪಾಯಿಂಟಿಗೆ 380 ರೂ. ಎಂದು ಹಿಡಿದರೆ ನಿಮ್ಮ 27.5 ಚೀಲಕ್ಕೆ 342 ರೂ. ಹೆಚ್ಚು ತೋರಿಸುತ್ತದೆ, 50 ಚೀಲಕ್ಕೆ 17,100 ರೂ. ವ್ಯಾಪಾರಿ ಅದನ್ನು ಕೊಡುವುದಿಲ್ಲ.

ಪ್ರಶ್ನೆ: ಕಾಫಿ ಬೆಲೆ ಚೀಲಕ್ಕೆ 5,000ದಿಂದ 10,000ಕ್ಕೆ ಏರಿದರೂ ಒಂದು ತೋಟದ ಫಸಲು 200ರಿಂದ 210 ಚೀಲ ಅಷ್ಟೇ ಆಯಿತು ಎಂಬ ಲೆಕ್ಕ ಕೊಟ್ಟಿದ್ದಾರೆ. ಪೂರೈಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಶೇ. 1 ಏರಿದರೆ ಪೂರೈಕೆ ಶೇ. ಎಷ್ಟು ಏರುತ್ತದೆ ಎಂಬುದು) ನನಗೆ 0.05, ಗೆಳತಿಗೆ 0.095, ಗೈಡ್‌ನಲ್ಲಿ 0.073. ಪೂರೈಕೆಯ ನಿಯಮವೇ ಸುಳ್ಳಾ? (ಬಿ.ಎ. ಅರ್ಥಶಾಸ್ತ್ರ, ಪೊನ್ನಂಪೇಟೆ)

ಉತ್ತರ: ಮೂರೂ ಅಂಕಿ ಒಂದೇ ಲೆಕ್ಕದಿಂದ ಬಂದವು. ನೀವು ಹಳೆಯ ಬೆಲೆಯನ್ನು ತಳದಲ್ಲಿಟ್ಟಿರಿ: ಶೇ. 5 ಭಾಗಿಸು ಶೇ. 100. ಗೆಳತಿ ಹೊಸ ಬೆಲೆಯನ್ನಿಟ್ಟರು: ಶೇ. 4.76 ಭಾಗಿಸು ಶೇ. 50. ಗೈಡ್ ನಡುವಿನ ಬಿಂದು ಹಿಡಿದಿದೆ: 10ನ್ನು 205ರಿಂದ, 5,000ವನ್ನು 7,500ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದೆ. ಬೆಲೆ ಇಮ್ಮಡಿಯಾಗುವಂಥ ದೊಡ್ಡ ನೆಗೆತದಲ್ಲಿ ನಡುವಿನ ಬಿಂದುವೇ ವಾಸಿ. ಮೇಲೆ ಹೋದರೂ ಕೆಳಗೆ ಬಂದರೂ ಒಂದೇ ಉತ್ತರ ಕೊಡುತ್ತದೆ.

ನಿಯಮ ಸುಳ್ಳಲ್ಲ, ಕಾಲ ಸಾಲದು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆ ಹೂವು ರೊಬಸ್ಟಾ ಹಣ್ಣಾಗಿ ಕೈಗೆ ಬರುವುದು ಮುಂದಿನ ಚಳಿಗಾಲದಲ್ಲಿ. ನವೆಂಬರ್‌ನಲ್ಲಿ ಬೆಲೆ ಏರಿತೆಂದು ಗಿಡದಲ್ಲಿ ಹೆಚ್ಚು ಕಾಯಿ ಕಟ್ಟುವುದಿಲ್ಲ. ಬೆಳೆಗಾರರು ಆ ವರ್ಷ ಮಾಡಬಹುದಾದದ್ದು ಉದುರಿದ ಹಣ್ಣನ್ನೂ ಬಿಡದೆ ಆರಿಸುವುದು, ಇಟ್ಟ ದಾಸ್ತಾನು ಹೊರತೆಗೆಯುವುದು. ಮುಂದಿನ ವರ್ಷಕ್ಕೆ ಸ್ಪ್ರಿಂಕ್ಲರ್, ಗೊಬ್ಬರ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಪರೀಕ್ಷೆಯಲ್ಲಿ ಈ ಮೂರು ಅವಧಿಗಳನ್ನು ಬೇರೆ ಬೇರೆ ರೇಖೆಯಾಗಿ ಬರೆಯಿರಿ, ಮೊದಲನೆಯದು ಬಹುತೇಕ ನೆಟ್ಟಗೆ ನಿಂತಿರಲಿ.

ದಾಸ್ತಾನು ಎಂದಾಗ ಒಂದು ಉದಾಹರಣೆ ಬಳಸಬಹುದು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ನಿಂತಾಗ ಬೆಲೆ ಕುಸಿಯಿತು. ಆ ತಿಂಗಳಲ್ಲಿ ಯಾವ ಗಿಡವೂ ಹೆಚ್ಚು ಬಿಡಲಿಲ್ಲ, ಗೋದಾಮಿನಲ್ಲಿದ್ದದ್ದು ಮಾರುಕಟ್ಟೆಗೆ ಬಂತು. ಬೆಳೆದದ್ದು ಬೇರೆ, ಮಾರಾಟಕ್ಕೆ ಇಟ್ಟದ್ದು ಬೇರೆ. ಅರ್ಥಶಾಸ್ತ್ರದಲ್ಲಿ ಪೂರೈಕೆ ಎಂದರೆ ಎರಡನೆಯದು.

ಕೊಟ್ಟ ಲೆಕ್ಕದ ಬಗ್ಗೆಯೂ ಒಂದು ತಕರಾರಿದೆ. ಎರಡು ವರ್ಷಗಳ ಎರಡು ಬಿಂದುಗಳನ್ನು ಜೋಡಿಸಿದರೆ ಅದು ಪೂರೈಕೆಯ ರೇಖೆ ಆಗಿಬಿಡುವುದಿಲ್ಲ. ಎರಡನೇ ವರ್ಷ ಹೂಮಳೆ ಚೆನ್ನಾಗಿ ಬಿದ್ದಿದ್ದರೆ ರೇಖೆಯೇ ಬಲಕ್ಕೆ ಸರಿದಿರುತ್ತದೆ, ಆ 10 ಚೀಲ ಮಳೆಯದ್ದು, ಬೆಲೆಯದ್ದಲ್ಲ. 'ಇತರ ಅಂಶಗಳು ಸ್ಥಿರವಾಗಿದ್ದರೆ' ಎಂದು ಬರೆದು ಮುಂದೆ ಹೋಗುವವರು ಈ ಸಾಲನ್ನೂ ಸೇರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ಪ್ರಶ್ನೆ: ಕಕ್ಕಬ್ಬೆಯ ಮೂರು ಕೋಣೆಯ ಹೋಮ್‌ಸ್ಟೇ ಬಗ್ಗೆ ಪ್ರಾಜೆಕ್ಟ್. ತಿಂಗಳ ಸ್ಥಿರ ವೆಚ್ಚ 54,000, ಕೋಣೆಗೆ ದಿನಕ್ಕೆ 3,000, ಊಟ, ಲಾಂಡ್ರಿ ಇತ್ಯಾದಿ 1,000. ಬ್ರೇಕ್ ಈವನ್ (ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ) 18 ದಿನ ಎಂದೆ. ಮಾಲೀಕರು ನಕ್ಕರು. (ಬಿ.ಬಿ.ಎ., ವಿರಾಜಪೇಟೆ)

ಉತ್ತರ: 54,000ವನ್ನು 3,000ದಿಂದ ಭಾಗಿಸಿದ್ದೀರಿ. ಸ್ಥಿರ ವೆಚ್ಚಕ್ಕೆ ಒದಗುವುದು 3,000ದಲ್ಲಿ ಊಟ, ಲಾಂಡ್ರಿ ಕಳೆದು ಉಳಿದ 2,000. ಹಾಗಾಗಿ 27. ಅದು ದಿನವೂ ಅಲ್ಲ, ಕೋಣೆ-ರಾತ್ರಿ, ಅಂದರೆ ಒಂದು ಕೋಣೆ ಒಂದು ರಾತ್ರಿಗೆ ಹೋದರೆ ಒಂದು. ಮೂರು ಕೋಣೆಗೆ ತಿಂಗಳಲ್ಲಿ 90 ಕೋಣೆ-ರಾತ್ರಿ, ಅದರಲ್ಲಿ ಶೇ. 30.

ಬುಕಿಂಗ್ ಆ್ಯಪ್ ಶೇ. 15 ಕಮಿಷನ್ ತೆಗೆದರೆ ಉಳಿಯುವುದು 1,550, ಬ್ರೇಕ್ ಈವನ್ 34.8. ಇದನ್ನು 35 ಎಂದೇ ಬರೆಯಬೇಕು. ಮಾಲೀಕರು ನಕ್ಕದ್ದು ಬಹುಶಃ ಇದಕ್ಕೂ ಅಲ್ಲ, 'ತಿಂಗಳಿಗೆ' ಎಂಬ ಮಾತಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಕೋಣೆ ಖಾಲಿ ಬಿದ್ದರೂ ಸಂಬಳ, ವಿದ್ಯುತ್ ಬಿಲ್ಲಿನ ಕನಿಷ್ಠ ಶುಲ್ಕ ನಿಲ್ಲುವುದಿಲ್ಲ. ವರ್ಷದ ಲೆಕ್ಕ ಹಾಕಿ: ಸ್ಥಿರ ವೆಚ್ಚ 6,48,000, ಕಮಿಷನ್ ಇಲ್ಲದೆಯೇ 324 ಕೋಣೆ-ರಾತ್ರಿ. ನಾಲ್ಕು ತಿಂಗಳು ಸೊನ್ನೆ ಎಂದು ಹಿಡಿದರೆ ಉಳಿದ ಎಂಟರಲ್ಲಿ ತಿಂಗಳಿಗೆ 41. ಸಾಲದ ಕಂತನ್ನು ಪೂರ್ತಿ ಸ್ಥಿರ ವೆಚ್ಚಕ್ಕೆ ಸೇರಿಸಿದ್ದರೆ ಅಸಲನ್ನು ತೆಗೆಯಿರಿ. ವೆಚ್ಚ ಬಡ್ಡಿ ಮಾತ್ರ, ಅಸಲು ನಗದು ಹರಿವಿನ ಪಟ್ಟಿಗೆ ಸೇರಿದ್ದು.

ಪ್ರಶ್ನೆ: ತೋಟದ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಫಿ ಗಿಡ, ಕರಿಮೆಣಸಿನ ಬಳ್ಳಿ, ಸಿಲ್ವರ್ ಓಕ್ ಎಲ್ಲವನ್ನೂ 'ಜೈವಿಕ ಆಸ್ತಿ' ಎಂದು ಒಟ್ಟಿಗೆ ಹಾಕಬಹುದೇ? (ಎಂ.ಕಾಂ., ಸೋಮವಾರಪೇಟೆ)

ಉತ್ತರ: ಇಂಡ್ ಎಎಸ್ (ಭಾರತೀಯ ಲೆಕ್ಕಪತ್ರ ಮಾನದಂಡಗಳು) ಪಾಲಿಸುವ ಕಂಪನಿಯಾದರೆ ಹಾಕುವಂತಿಲ್ಲ. ಕಾಫಿ ಗಿಡವೂ ಮೆಣಸಿನ ಬಳ್ಳಿಯೂ ವರ್ಷ ವರ್ಷ ಫಸಲು ಕೊಡಲು ಇರುವವು, ಅವನ್ನೇ ಮಾರುವುದಿಲ್ಲ. ಇವು ಇಂಡ್ ಎಎಸ್ 16ರ ಕೆಳಗೆ ಯಂತ್ರ, ಕಟ್ಟಡಗಳ ಸಾಲಿನಲ್ಲಿ ಕೂರುತ್ತವೆ. ಫಸಲಿಗೆ ಬರುವವರೆಗಿನ ಖರ್ಚು ಕೂಡುತ್ತಾ ಹೋಗುತ್ತದೆ, ಆಮೇಲೆ ಸವಕಳಿ ಶುರು. ಗಿಡದ ಮೇಲೆ ಇರುವ ಹಣ್ಣು ಮಾತ್ರ ಇಂಡ್ ಎಎಸ್ 41ರ ಜೈವಿಕ ಆಸ್ತಿ, ನ್ಯಾಯಬೆಲೆಯಲ್ಲಿ ಮಾರಾಟದ ಖರ್ಚು ಕಳೆದು ತೋರಿಸಬೇಕು. ಕೊಯ್ದ ಕ್ಷಣದಿಂದ ಅದು ಇಂಡ್ ಎಎಸ್ 2ರ ದಾಸ್ತಾನು. ಗಿಡದ ಕೆಳಗಿನ ಜಮೀನು ಬೇರೆ, ಅದಕ್ಕೆ ಸವಕಳಿ ಇಲ್ಲ.

ವಿದ್ಯಾರ್ಥಿಗಳು ಎಡವುವುದು ಸಿಲ್ವರ್ ಓಕ್‌ನಲ್ಲಿ. ನೆರಳು ಕೊಡುತ್ತದೆ, ಬಳ್ಳಿಗೆ ಆಸರೆ ಆಗುತ್ತದೆ, ಹಾಗಾಗಿ ಕಾಫಿಯ ಜೊತೆಗೇ ಎಂದು ಬರೆದುಬಿಡುತ್ತಾರೆ. ಆದರೆ ಕೊನೆಗೆ ಕಡಿದು ನಾಟಾ ಮಾಡಿ ಮಾರುವ ಉದ್ದೇಶ ಇರುವ ಮರ ಇಂಡ್ ಎಎಸ್ 41ಕ್ಕೆ ಸೇರುತ್ತದೆ. ಒಂದೇ ಮರವನ್ನು ಹಬ್ಬಿದ ಬಳ್ಳಿ ಒಂದು ಪಟ್ಟಿಯಲ್ಲಿ, ಮರ ಇನ್ನೊಂದು ಪಟ್ಟಿಯಲ್ಲಿ, ಬಳ್ಳಿಯಲ್ಲಿ ತೂಗುವ ಮೆಣಸಿನ ಕರೆ (ಗೊಂಚಲು) ಮರದ ಪಟ್ಟಿಯಲ್ಲಿ.